ತಮ್ಮನಿಗೆ ನಾನು ಕಲಿಸದ ಓದು

ಆಗೆಲ್ಲ ನಮ್ಮ ಕಡೆ ಬಿತ್ತನೆ ಶೇಂಗಾವನ್ನು ಜಗಲಿ ಮೇಲೆ ಕೂತು ಕೈಯಿಂದಲೇ ಸುಲಿಯುತ್ತಿದ್ದರು. ಅಂಥ ಒಂದು ಸುಲಿಯುವ ಕಾಲದಲ್ಲಿ ನನ್ನ ತಮ್ಮ ಮಂಜನಿಗೆ ಓದು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಿಸಲಿಲ್ಲ. ಕಲಿಸಲು ಬರದೆ ಬಿಟ್ಟಿದ್ದರೆ ಅದು ಬೇರೆ ಮಾತು. ಅವನಿಗೆ ಓದು ಬಂದಿಲ್ಲ ಎಂದು ಗೊತ್ತಾದ ಮೇಲೂ, ಬಂದಿದೆ ಎಂದು ಎಲ್ಲರನ್ನೂ ನಂಬಿಸಿದೆ.

ನಮ್ಮೂರು ಯಲ್ಲದಕೆರೆಗೆ ಹತ್ತಿರ. ಅಪ್ಪ ಇರಲಿಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅಡುಗೆ, ನೀರು, ಆಡು ನೋಡಿಕೊಳ್ಳುತ್ತಿದ್ದೆ. ಮಂಜ ಎರಡನೇ ಕ್ಲಾಸಿಗೆ ಬಂದಿದ್ದರೂ ಅವನಿಗೆ ಎರಡಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಒಂದು ಸಂಜೆ ಮೇಷ್ಟ್ರು ಮನೆಗೇ ಬಂದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಬಿಳಿ ಭಾಗದಲ್ಲಿ ಒಂದೊಂದು ಪದ ಬರೆದ ಚೀಟಿಗಳನ್ನು ನನ್ನ ಕೈಗೆ ಕೊಟ್ಟರು. ಹಸು, ಮನೆ, ಕೊಡ, ಮರ, ಇಂಥವು.

“ನೋಡು ರತ್ನ, ಒಂದೊಂದೇ ತೋರ್ಸು. ನೀನು ಹೇಳ್ಕೊಡಬ್ಯಾಡ, ಅವನೇ ಹೇಳ್ಬೇಕು. ಹೇಳಿದ್ ಮೇಲೆ ಹಸು ಏನ್ ತಿಂತತೆ, ಎಲ್ಲಿ ಕಟ್ತಾರೆ ಅಂತ ಕೇಳು. ಆಮೇಲೆ ಅದೇ ಪದನ ನೆಲದ ಮೇಲೆ ಬರ್ದು ತೋರ್ಸು. ಸುಮ್ನೆ ಗಿಣಿ ತರ ಕೂಗಿಸ್ಬ್ಯಾಡ.”

“ಆತು ಸಾರ್” ಅಂದೆ. ಶಾಲೆ ಬಿಟ್ಟವಳಿಗೆ ಮೇಷ್ಟ್ರು ಕೆಲಸ ಒಪ್ಪಿಸಿದ್ದು ನನಗೆ ದೊಡ್ಡ ಸಂಗತಿಯಾಗಿತ್ತು.

ಬೆಳಿಗ್ಗೆ ಅವ್ವ ಶೇಂಗಾ ಕಾಯಿಗೆ ನೀರು ಚಿಮುಕಿಸಿ ಹೋಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸಿಪ್ಪೆ ಮೆತ್ತಗಾಗಿ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಪಕ್ಕದ ಮನೆಯ ಓಬಕ್ಕ ಮತ್ತು ಇನ್ನೂ ಕೆಲವು ಹೆಂಗಸರು ನಮ್ಮ ಜಗಲಿಗೇ ಬಂದು ಕೂರುತ್ತಿದ್ದರು. ಸುಲಿದೂ ಸುಲಿದೂ ಹೆಬ್ಬೆರಳ ತುದಿ ಉರಿಯುತ್ತಿತ್ತು. ಒಡೆದ ಬೀಜ ಮಕ್ಕಳ ಪಾಲು. ಅದರ ಜೊತೆಗೆ ಒಂದು ಚೂರು ಬೆಲ್ಲ ಸಿಕ್ಕರೆ ಹಬ್ಬ. ಮಂಜ ಗಟ್ಟಿ ಬೀಜಕ್ಕೂ ಕೈ ಹಾಕುತ್ತಿದ್ದ.

“ಲೇ, ಬಿತ್ತೋ ಬೀಜನೆಲ್ಲ ಹೊಟ್ಯಾಗೆ ಬಿತ್ಕಂಬ್ಯಾಡ್ವೋ! ನಾಳೆ ಕಿವ್ಯಾಗೆ ಬಳ್ಳಿ ಬರ್ತತೆ” ಎಂದು ಓಬಕ್ಕ ಗದರುತ್ತಿದ್ದಳು. ಅವನು ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ನಾನು ಒಂದು ಕೈಯಲ್ಲಿ ಚೀಟಿ ಎತ್ತಿ ತೋರಿಸುತ್ತಿದ್ದೆ. ಮೊದಮೊದಲು ತಡವರಿಸಿದ, ನಾನೇ ಹೇಳಿಕೊಡುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ತೋರಿಸಿದ ಕೂಡಲೇ ಹೇಳತೊಡಗಿದ. ಹೆಂಗಸರು ಸುಲಿಯುವುದನ್ನು ನಿಲ್ಲಿಸಿ ನೋಡಿದರು.

“ಅಲ್ನೋಡ್ರೇ, ಮೇಷ್ಟ್ರ ಕೈಲಿ ಆಗಿದ್ದಿಲ್ಲ, ಈ ಹುಡುಗಿ ಕಲ್ಸಿದ್ಲು! ಇವಳ್ನೇ ಇಸ್ಕೂಲಿಗೆ ಮೇಡಮ್ಮು ಮಾಡ್ಬೇಕು” ಅಂದಳು ಓಬಕ್ಕ. ಕೂಲಿಯಿಂದ ಬಂದಿದ್ದ ಅವ್ವ ನನ್ನ ಕಡೆ ನೋಡಿ ನಕ್ಕಳು. ಅವ್ವ ಹಾಗೆ ನಗುವುದು ಅಪರೂಪ.

ಒಂದು ದಿನ ‘ಕೊಡ’ದ ಚೀಟಿ ಕಾಯಿ ನೆನೆಸುವ ನೀರಿಗೆ ಬಿದ್ದು ಹಾಳಾಯಿತು. ನಾನೇ ಇನ್ನೊಂದು ಬರೆದು ತೋರಿಸಿದೆ. ಮಂಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದ್ಯಾವ್ದೋ ಬ್ಯಾರೆ.”

“ಅದೇ ಕಣೋ, ನಿನ್ನೆ ಹೇಳಿದ್ಯಲ್ಲ.”

“ಅದ್ರಾಗೆ ಬೆಲ್ಲ ಇತ್ತು.”

ಮಿಕ್ಕ ಚೀಟಿಗಳನ್ನು ಹರಡಿ ಅವನೇ ವಿವರಿಸಿದ. ಬೆಲ್ಲದ ಬೆರಳು ಅಂಟಿದ್ದು ಕೊಡ, ಆಡು ಮೂಲೆ ಕಡಿದದ್ದು ಹಸು, ಅರಿಶಿನ ಆಗಿದ್ದು ಮನೆ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಓದುವುದೆಂದರೆ ಹೀಗೇ ಎಂದುಕೊಂಡಿದ್ದ. ನಾನು ನೆಲದ ಮೇಲೆ ಇದ್ದಿಲಿನಿಂದ ಒಂದೊಂದೇ ಪದ ಬರೆದೆ. ಮೇಷ್ಟ್ರು ಹೇಳಿದ್ದ ಈ ಕೆಲಸವನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಮಾಡಿರಲಿಲ್ಲ. ಅವನಿಗೆ ಒಂದೂ ಬರಲಿಲ್ಲ.

ಚೀಟಿಗಳನ್ನೆಲ್ಲ ಹೊಸದಾಗಿ ಬರೆದು ಮತ್ತೆ ಶುರು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನು ಸ್ವಲ್ಪ ಹೊತ್ತಿಗೆ ಹೆಂಗಸರು ಬರುವವರಿದ್ದರು. ಹೊಸ ಚೀಟಿಯ ಮೇಲೆ ನಾನೇ ಬೆಲ್ಲದ ಬೆರಳು ಒತ್ತಿದೆ. ಆ ಸಂಜೆಯೂ ಮಂಜ ಎಲ್ಲ ಪದ ಸರಿಯಾಗಿ ಹೇಳಿದ. ಎಲ್ಲರೂ ಶಹಬ್ಬಾಸ್ ಅಂದರು.

ಶಾಲೆಯಲ್ಲಿ ಮೇಷ್ಟ್ರು ಅವೇ ಪದಗಳನ್ನು ಬೋರ್ಡಿನ ಮೇಲೆ ಬರೆದು ಕೇಳಿದಾಗ ಮಂಜ ಬಹಳ ಹೊತ್ತು ನೋಡಿ, “ಬೆಲ್ಲ ಇಲ್ಲ ಸಾರ್” ಅಂದನಂತೆ. ಮಕ್ಕಳೆಲ್ಲ ನಕ್ಕರಂತೆ. ಮೇಷ್ಟ್ರು ಅದನ್ನು ತಲೆಹರಟೆ ಎಂದು ತಿಳಿದು ಮನೆಗೆ ಬಂದರು.

“ಮನ್ಯಾಗೆ ಪಟಪಟ ಓದ್ತಾನಲ್ರಿ ಸಾರ್” ಅಂದಳು ಅವ್ವ. “ಬೇಕಾರೆ ರತ್ನನ್ನ ಕೇಳ್ರಿ.”

ಮೇಷ್ಟ್ರು ನನ್ನತ್ತ ತಿರುಗಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರಲಿಲ್ಲ.

“ಓದ್ತಾನೆ ಸಾರ್. ಅಲ್ಲಿ ಬೇಕಂತ್ಲೇ ಹೇಳಲ್ಲ.”

“ಹಂಗಾದ್ರೆ ಇದು ಹಟ” ಎಂದು ಹೇಳಿ ಅವರು ಹೋದರು. ಅವ್ವ ಮಂಜನ ಬೆನ್ನ ಮೇಲೆ ಬಾರಿಸಿದಳು. ಅವನು ಅಳುತ್ತಾ ನನ್ನ ಹಿಂದೆ ಬಂದು ಅವಿತುಕೊಂಡ. ಯಾಕೆ ಹೊಡೆದಳು ಎಂಬುದೇ ಅವನಿಗೆ ತಿಳಿದಿರಲಿಲ್ಲ.

ಬಿತ್ತನೆ ಶುರುವಾಯಿತು. ಹಟಮಾರಿ ಎಂಬ ಹೆಸರು ಮುಂದೆ ದಡ್ಡ ಎಂದಾಯಿತು. ಏಳನೇ ಕ್ಲಾಸಿನವರೆಗೆ ಅವನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ದಾಟಿಸಿದರು. ಆಮೇಲೆ ಅವನೇ ಬಿಟ್ಟ. ಈಗ ಹಿರಿಯೂರಿನಲ್ಲಿ ತೆಂಗಿನಕಾಯಿ ಲೋಡು ಮಾಡುತ್ತಾನೆ. ದುಡಿಮೆಗಾರ, ಹೆಂಡತಿ ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ. ಫೋನಿನಲ್ಲಿ ಏನಿದ್ದರೂ ಮಾತಾಡಿ ಕಳಿಸುತ್ತಾನೆ. ಬರೆದದ್ದು ಬಂದರೆ ಯಾರಿಗಾದರೂ ತೋರಿಸುತ್ತಾನೆ.

ಹೋದ ತಿಂಗಳು, ನಾನೀಗ ಇರುವ ಹೊಸದುರ್ಗದಿಂದ ಅವನ ಮನೆಗೆ ಹೋಗಿದ್ದೆ. ಅವನ ಮಗಳು ಸಿಂಚನಾ ಒಂದನೇ ಕ್ಲಾಸು. ಪುಸ್ತಕ ಹಿಡಿದು ಅಪ್ಪನ ತೊಡೆಯೇರಿದಳು.

“ಇದೇನು ಓದಪ್ಪ.”

“ನಂಗೆ ತಲೆ ಇಲ್ಲ ಮಗಾ. ಅತ್ತೆನ್ನ ಕೇಳು. ನಂಗೆ ಎಷ್ಟು ಕಲ್ಸಿದ್ಲು ಪಾಪ, ನನ್ ತಲೆಗೇ ಹತ್ಲಿಲ್ಲ.”

ನಗುತ್ತಲೇ ಹೇಳಿದ. ಮಗು ನನ್ನ ಬಳಿ ಬಂತು. ನಾನು ಚಿತ್ರದ ಮೇಲೆ ಅಂಗೈ ಮುಚ್ಚಿ ಅಕ್ಷರ ತೋರಿಸಿದೆ. ತಪ್ಪು ಹೇಳಿದಳು, ಮತ್ತೆ ನೋಡಿ “ಆಮೆ” ಅಂದಳು. “ಆಮೆ ಯಾಕೆ ನಿಂತೈತೆ?” ಅಂದೆ. ಮುಂದಿನ ಸಾಲಿನ ಮೇಲೆ ಬೆರಳಿಟ್ಟು ತಡವರಿಸಿ ಓದಿ, “ಕಾಲು ನೋಯ್ತೈತಂತೆ” ಅಂದಳು. ಮಂಜ ಹತ್ತಿರ ಸರಿದು ಕೂತು ನೋಡುತ್ತಿದ್ದ.

“ಇಷ್ಟೇನಾ ಅಕ್ಕ ಓದೋದು ಅಂದ್ರೆ?” ಅಂದ.

ಈಗ ಶೇಂಗಾ ಸುಲಿಯಲು ಮಿಷನ್ನಿದೆ. ಜಗಲಿ ಒಡೆದು ರಸ್ತೆ ಅಗಲ ಮಾಡಿದರು. ಅವ್ವನೂ ಓಬಕ್ಕನೂ ಇಲ್ಲ, ಮೇಷ್ಟ್ರು ಎಲ್ಲಿದ್ದಾರೋ ಗೊತ್ತಿಲ್ಲ. ನನ್ನ ಸುಳ್ಳನ್ನು ನಂಬಿದವರಲ್ಲಿ ನನ್ನ ಕಣ್ಣೆದುರು ಉಳಿದವನು ಇವನೊಬ್ಬನೇ. ಕಳೆದುಹೋದದ್ದರಲ್ಲಿ ಬೇರೆಲ್ಲಕ್ಕೂ ಕಾಲವೇ ಕಾರಣ ಎನ್ನಬಹುದು. ತಾನು ಜಾಣ ಎಂದು ಈ ಹುಡುಗ ಒಂದು ದಿನವೂ ತಿಳಿಯದೆ ಬೆಳೆದದ್ದಕ್ಕೆ ನಾನೇ ಕಾರಣ. ಮಗುವನ್ನು ಆಡಲು ಕಳಿಸಿ ಅವನ ಕಡೆ ತಿರುಗಿದೆ.

“ಮಂಜ, ನೀನು ದಡ್ಡ ಅಲ್ಲ ಕಣೋ. ನಿಂಗೆ ಓದು ಬಂದಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ನಾಲ್ಕು ಜನ ಹೊಗಳ್ತಾರೆ ಅಂತ ಮುಚ್ಚಿಟ್ಟೆ. ಮೇಷ್ಟ್ರ ಹತ್ರ ಸುಳ್ಳು ಹೇಳಿ, ನಿಂಗೆ ಏಟು ಬೀಳೋದು ನೋಡ್ಕಂಡು ನಿಂತೆ. ತಪ್ಪಾತು ಕಣಪ್ಪ. ನಂದೇ ತಪ್ಪು.”