ಗ್ಯಾಸ್ ಹಾಕಿದವರ ಹೆಸರು

ಕಿಡಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಬೀದಿಯವರೆಲ್ಲ ಹೇಳ್ತಾರೆ. ಸುಳ್ಳೇನಲ್ಲ. ಆದರೆ ಅದು ಯಾಕೆ ಅಲ್ಲಿ ಬಂದು ಕೂತಿತು ಅಂತ ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಅವಳದು ವೆಲ್ಡಿಂಗ್ ಅಂಗಡಿ. ಮುಂದಿನ ಅರ್ಧದಲ್ಲಿ ಭಾವ, ಅಂದರೆ ಗಂಡನ ಅಣ್ಣ, ಬಣ್ಣದ ಡಬ್ಬಿ ಮಾರುತ್ತಾನೆ. ಹಿಂದಿನ ಅರ್ಧದಲ್ಲಿ ಇವಳು ಗೇಟು, ಕಿಟಕಿ ಸರಳು ಬೆಸೆಯುತ್ತಾಳೆ. ಕೈಗೆ ಬಿಡುವು ಸಿಕ್ಕಿದರೆ ಸಾಕು, ಗುಜರಿಯ ಸೈಕಲ್ ಚೈನು, ಮುರಿದ ಸ್ಪ್ರಿಂಗು, ಹಲ್ಲು ಸವೆದ ಗರಗಸ ಎಲ್ಲ ಸೇರಿಸಿ ಪ್ರಾಣಿ ಪಕ್ಷಿ ಮಾಡಲು ಕೂತುಬಿಡುತ್ತಾಳೆ. ಮೊದಲು ಮಾಡಿದ್ದು ಒಂದು ಹುಂಜ. ಅಬ್ಬಬ್ಬಾ, ಎಂಥ ಹುಂಜ ಅದು! ಇನ್ನೇನು ಕೂಗೇಬಿಡುತ್ತೆ ಅನ್ನಬೇಕು.

ಲೋಹದ ಕಲೆಯ ಪ್ರದರ್ಶನ ನಡೆಸುವವರು ಒಂದು ನಿಯಮ ಇಟ್ಟಿದ್ದರು. ಕೃತಿಯ ಚಿತ್ರ, ಮಾಡಿದವರ ಹೆಸರು ಎರಡೂ ಬ್ಲಾಕ್‌ಚೈನಿನಲ್ಲಿ ದಾಖಲಾಗಬೇಕು. ಎಲ್ಲೆಲ್ಲಿಯೋ ಇರುವ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಾಗಿ ಕಾಯುವ ದಾಖಲೆ ಅದು. ಒಮ್ಮೆ ಬರೆದರೆ ಅಳಿಸುವ ಮಾತೇ ಇಲ್ಲ. ಬರೆಸೋಕೆ ಡಿಜಿಟಲ್ ನಾಣ್ಯದಲ್ಲಿ ಶುಲ್ಕ ಕೊಡಬೇಕು, ಆ ಶುಲ್ಕವನ್ನು ಗ್ಯಾಸ್ ಅಂತಾರೆ. ಹುಂಜದ ಸಲ ಭಾವ, "ಗ್ಯಾಸ್ ನಾನು ಹಾಕ್ತೀನಿ ಬಿಡಮ್ಮ" ಅಂದ. ತನ್ನ ಫೋನಿನಲ್ಲಿ ಆ ನಾಣ್ಯ ಇಡುವ ವ್ಯಾಲೆಟ್ಟಿನಿಂದಲೇ ಕಳಿಸಿದ. ಮಾಡಿದವರ ಹೆಸರು ಅಂತಿದ್ದ ಕಡೆ ತನ್ನ ಹೆಸರನ್ನೇ ಬರೆದ! ಕೇಳಿದರೆ, "ಗ್ಯಾಸ್ ಹಾಕಿದವರ ಹೆಸರೇ ಬರೋದಮ್ಮ, ಪದ್ಧತಿ ಹಾಗಿದೆ" ಅಂತ ನಕ್ಕ. ಪದ್ಧತಿಯಂತೆ ಪದ್ಧತಿ! ಆ ಹುಂಜ ಇವತ್ತಿಗೂ ಅವನದೇ.

ಮುಂದಿನ ಪ್ರದರ್ಶನಕ್ಕೆ ಕಿಡಿಯಕ್ಕ ಹಲ್ಲು ಕಚ್ಚಿಕೊಂಡು ಕೊಕ್ಕರೆ ಮಾಡಿದಳು. ಒಂಟಿ ಕಾಲಲ್ಲಿ ನಿಂತ, ತಲೆ ತಗ್ಗಿಸದ ಕೊಕ್ಕರೆ. ಫೋನ್ ರಿಪೇರಿ ಮಾಡುವ ತಂಗಿಯಿಂದ ತನ್ನದೇ ವ್ಯಾಲೆಟ್ ಮಾಡಿಸಿಕೊಂಡು, ಅದಕ್ಕೆ ಒಂದಿಷ್ಟು ನಾಣ್ಯ ತುಂಬಿಸಿಕೊಂಡಳು. "ಈ ಸಲ ಗ್ಯಾಸೂ ನಂದೇ, ಹೆಸರೂ ನಂದೇ" ಅಂದಳು.

ದಾಖಲೆಗೆ ಕೊನೆಯ ದಿನ ಬೆಳಿಗ್ಗೆ ಕೊಕ್ಕರೆಯ ಚಿತ್ರ ಒಬ್ಬಳೇ ಕಳಿಸಲು ಕೂತಳು. ಫೋನು ಎರಡು ವಿಷಯ ಕೇಳಿತು: ಗ್ಯಾಸ್ ದರ, ಗ್ಯಾಸ್ ಮಿತಿ. ದಿನವಿಡೀ ಗ್ಯಾಸ್ ಬೆಸುಗೆಯ ಟಾರ್ಚಿನ ನಾಬು ತಿರುಗಿಸಿ ಉರಿ ಸಣ್ಣದು ಮಾಡುವ ಕೈ ಅದು. ಮಿತಿ ಇಳಿಸಿದರೆ ಗ್ಯಾಸ್ ಉಳಿಯುತ್ತೆ ಅಂದುಕೊಂಡು ಅರ್ಧಕ್ಕೆ ಇಳಿಸಿ ಒತ್ತಿಯೇಬಿಟ್ಟಳು. ಸ್ವಲ್ಪ ಹೊತ್ತಿಗೆ ಕೆಂಪಕ್ಷರ ಬಂತು: ಗ್ಯಾಸ್ ಮುಗಿಯಿತು, ಕೆಲಸ ಆಗಲಿಲ್ಲ.

ತಂಗಿ ಓಡಿ ಬಂದಳು. "ಅಯ್ಯೋ ಅಕ್ಕಾ, ಅದು ನಾಬಲ್ಲ ಕಣೇ, ಸಿಲಿಂಡರು! ಕೆಲಸಕ್ಕೆ ಎಷ್ಟು ತುಂಬಿಸ್ಕೊಂಡು ಹೋಗ್ತೀಯ ಅನ್ನೋದೇ ಮಿತಿ. ಉಳಿದ್ರೆ ನಿನಗೇ ವಾಪಸ್. ನಡುವೆ ಖಾಲಿಯಾದ್ರೆ ಕೆಲಸ ಕೆಡುತ್ತೆ."

"ಸುಟ್ಟ ಗ್ಯಾಸು?"

"ಹೋದದ್ದು ಹೋಯ್ತು. ಅಲ್ಲಿವರೆಗೆ ಆ ಕಂಪ್ಯೂಟರ್‌ಗಳು ದುಡಿದಿವೆಯಲ್ಲ."

ಅದರಲ್ಲಿ ಕಿಡಿಯಕ್ಕನಿಗೆ ತಕರಾರಿರಲಿಲ್ಲ. ಬೆಸುಗೆ ಬಿಟ್ಟುಕೊಂಡರೂ ಉರಿದ ಗ್ಯಾಸ್ ಸಿಲಿಂಡರಿಗೆ ಮರಳುತ್ತದೆಯೇ? "ಸರಿ, ಮತ್ತೆ ಕಳಿಸು" ಅಂದಳು.

"ದರ ಏರಿದೆ ಅಕ್ಕ. ಆ ದಾಖಲೆಯ ಪುಟಕ್ಕೆ ಬ್ಲಾಕ್ ಅಂತಾರೆ, ಒಂದೊಂದು ಬ್ಲಾಕಿನಲ್ಲಿ ಹಿಡಿಸೋದು ಇಷ್ಟೇ ಅಂತ ಇದೆ, ನೂಕುನುಗ್ಗಲಾದ್ರೆ ಬೆಲೆ ಏರುತ್ತೆ. ಇವತ್ತು ಅದ್ಯಾವುದೋ ಹೊಸ ನಾಣ್ಯಕ್ಕೆ ಲೋಕವೆಲ್ಲ ಮುಗಿಬಿದ್ದಿದೆ."

ವ್ಯಾಲೆಟ್ಟಿನಲ್ಲಿ ಉಳಿದದ್ದು ಆ ದರಕ್ಕೆ ಸಾಲದು. ತಂಗಿ ತನ್ನಲ್ಲಿದ್ದದ್ದನ್ನೆಲ್ಲ ಆಗಲೇ ಕೊಟ್ಟಿದ್ದಳು. ಹೊಸದಾಗಿ ತುಂಬಿಸಿದರೆ ನಾಣ್ಯ ಬರುವುದು ನಾಳೆ; ಪ್ರದರ್ಶನದವರ ಗಡುವು ಸಂಜೆ ಐದು ಗಂಟೆ. ಮಿತಿಯನ್ನು ಇಳಿಸದೆ ಪೂರ್ತಿ ಇಟ್ಟು, ಕೈಲಾದಷ್ಟು ದರ ಹಾಕಿ ಕಳಿಸಿದರು. ಕೊಕ್ಕರೆ ಸರದಿಯಲ್ಲಿ ನಿಂತಿತು. ದರ ಇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ನಾಲ್ಕು ದಾಟಿತ್ತು. ಭಾವ ಕೈ ಒರೆಸಿಕೊಳ್ಳುತ್ತಾ ಹಿಂದಕ್ಕೆ ಬಂದ. "ಯಾಕಮ್ಮ ಒದ್ದಾಡ್ತೀಯ? ನನ್ನ ವ್ಯಾಲೆಟ್ಟಲ್ಲಿ ಬೇಕಾದಷ್ಟಿದೆ. ಒಂದು ಸಲ ಒತ್ತಿದ್ರೆ ಮುಗೀತು."

"ಹೆಸರು?"

"ಮತ್ತೆ ಅದೇ ರಾಗ! ಒಂದೇ ಮನೆಯವರು, ಯಾರ ಹೆಸರಾದ್ರೇನು?"

"ಯಾರದ್ದಾದ್ರೇನು ಅನ್ನೋದಾದ್ರೆ ನಂದೇ ಹಾಕಿ, ಭಾವ. ಗ್ಯಾಸ್ ಯಾರೇ ಹಾಕ್ಲಿ, ಮಾಡಿದವರು ಅನ್ನೋ ಜಾಗದಲ್ಲಿ ಬರೆದ ಹೆಸರೇ ಬರೋದಂತೆ. ತಂಗಿ ತೋರಿಸಿದಳು."

ಅವನ ಮುಖ ಕಪ್ಪಿಟ್ಟಿತು. "ಗ್ಯಾಸ್ ನಂದು, ಹೆಸರು ನಿಂದಾ? ಚೆನ್ನಾಗಿದೆ! ಐದು ಹೊಡೆದ ಮೇಲೆ ನನ್ನ ಹತ್ರ ಅಳ್ತಾ ಬರಬೇಡ."

"ಸತ್ತರೂ ಬರಲ್ಲ."

ಐದು ಹೊಡೆಯಿತು. ದರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಪ್ರದರ್ಶನದ ಬಾಗಿಲು ಮುಚ್ಚಿತು. ಕಳಿಸಿದ್ದನ್ನು ರದ್ದು ಮಾಡುತ್ತೀನಿ ಅಂದ ತಂಗಿಯ ಕೈಯನ್ನು ಕಿಡಿಯಕ್ಕ ಹಿಡಿದು ತಡೆದಳು. "ನಿಂತಿರಲಿ ಬಿಡು. ಅದರ ಸರದಿ ಅದು ಕಾಯ್ತಿದೆ" ಅಂದು ಒಂದು ಗೇಟಿನ ಮೂಲೆ ಬೆಸೆಯಲು ಕೂತಳು.

ಬೀದಿ ದೀಪ ಹತ್ತುವ ಹೊತ್ತಿಗೆ ಹೊಸ ನಾಣ್ಯದ ಗದ್ದಲ ಕರಗಿತು, ದರ ದಡದಡ ಇಳಿಯಿತು. ಫೋನು ಟಿಂಗ್ ಅಂತು. ಕೊಕ್ಕರೆ ದಾಖಲಾಗಿತ್ತು.

"ಈಗ ಬಂದು ಏನು ಬಂತಕ್ಕಾ, ಪ್ರದರ್ಶನ ಹೋಯ್ತಲ್ಲ" ಅಂತ ತಂಗಿ ಕಣ್ಣೊರೆಸಿಕೊಂಡಳು.

"ಹೋದರೆ ಹೋಗ್ಲಿ. ಮುಂದಿನ ಸಲ ಅವರು ಮತ್ತೆ ಬಾಗಿಲು ತೆಗೀತಾರೆ. ಇದನ್ನ ಮಾತ್ರ ಯಾರಪ್ಪನ ಕೈಲೂ ಅಳಿಸೋಕಾಗಲ್ಲ." ಕಿಡಿಯಕ್ಕ ಟಾರ್ಚು ಆರಿಸಿದಳು. ಮುಂದಿನ ಅರ್ಧದಲ್ಲಿ ಭಾವ ಡಬ್ಬಿ ಜೋಡಿಸುವ ಸದ್ದೂ ನಿಂತಿತ್ತು. "ಮಾಡಿದವರು ಯಾರು ಅಂತ ಬಂದಿದೆ, ಓದು. ಗಟ್ಟಿಯಾಗಿ ಓದೇ!"

ತಂಗಿ ಅಕ್ಕನ ಹೆಸರನ್ನು ಗಂಟಲು ಹರಿಯುವ ಹಾಗೆ ಓದಿದಳು.