ಔರಾದಿನ ಕಂಪ್ಯೂಟರಿಗೆ ಕನ್ನಡ ಕಲಿಸಿದ ರಾತ್ರಿ

ಕಟ್ಟುಕಥೆ ಹೇಳಿ ಮಂದಿಯನ್ನು ಹೆದರಿಸುವ ಹುಕಿ ನನಗಿಲ್ಲ. ನಾನು ಕಂಪ್ಯೂಟರ್ ಕೆಲಸ ಮಾಡಿ ಹೊಟ್ಟೆ ಹೊರೆಯುವವನು. ಎಂಥ ತೊಂದರೆಗೂ ಒಂದು ಕಾರಣ ಇರುತ್ತದೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ ಎಂದು ನಂಬಿ ಬದುಕಿದವನು. ಅಂಥ ನನಗೇ ನಡೆದದ್ದು ಇದು. ನನ್ನ ಕಿವಿಯಿಂದ ಕೇಳಿದ್ದನ್ನು ಇಲ್ಲವೆನ್ನಲು ನನಗಂತೂ ಬಾಯಿ ಬರುವುದಿಲ್ಲ...

ನನ್ನ ಹೆಸರು ಇಲಿಯಾಸ್. ಮನೆ ಬೀದರಿನ ಚಿದ್ರಿಯಲ್ಲಿ, ಅಂಗಡಿ ಮೈಲೂರಿನಲ್ಲಿ. ಅಂಗಡಿಯಲ್ಲಿ ಅರ್ಧ ಪಾಲು ಧನರಾಜನದು. ಅವನು ಭಾಲ್ಕಿಯವನು. ಡಿಪ್ಲೊಮಾ ಓದುವಾಗ ನಮ್ಮದು ಒಂದೇ ಬೆಂಚು. ನನ್ನ ನಿಕಾಹ್ ದಿನ ಅಂಗಿಯ ತೋಳು ಮಡಚಿಕೊಂಡು ನಿಂತು ಬಂದವರಿಗೆಲ್ಲ ಬಡಿಸಿದವನು ಅವನೇ. ಅಂಥವನು "ಹೋಗಿ ಬಾ" ಅಂದರೆ "ಯಾಕೆ" ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ.

ಕುರಿ, ಆಡುಗಳಿಗೆ ಮದ್ದು ಕೊಡುವ ಒಂದು ಖಾಸಗಿ ಸಂಸ್ಥೆಯವರ ಕಂಪ್ಯೂಟರ್ ಕೆಲಸ ನಮ್ಮ ಕೈಯಲ್ಲಿತ್ತು. ಅವರ ಆಫೀಸು ಔರಾದಿನ ಹೊರಗೆ, ಕೆಂಪು ಕಲ್ಲಿನ ಒಂದು ಹಳೆಯ ಮನೆಯಲ್ಲಿ. ಮರುದಿನ ಯಾವ ಊರಿಗೆ ಚುಚ್ಚುಮದ್ದಿನ ಗಾಡಿ ಹೋಗುತ್ತದೋ ಆ ಊರಿನ ಕುರುಬರಿಗೆಲ್ಲ ನಸುಕಿನಲ್ಲಿ ಫೋನ್ ಹೋಗುತ್ತಿತ್ತು. ಎತ್ತಿದರೆ ಯಂತ್ರದ ಹೆಣ್ಣು ದನಿ ಕನ್ನಡದಲ್ಲಿ ಸುದ್ದಿ ಹೇಳುತ್ತಿತ್ತು. ಆ ಮಾತುಗಳನ್ನು ತಯಾರು ಮಾಡಲು ನಡುರಾತ್ರಿ ಕಳೆದ ಮೇಲೆ ಒಂದು ಪ್ರೋಗ್ರಾಮ್ ತಾನಾಗಿಯೇ ಎದ್ದು ಓಡುತ್ತಿತ್ತು. ಇಂಥ ಹೊತ್ತಿಗೆ ಇಂಥ ಕೆಲಸ ಎಂದು ಒಮ್ಮೆ ಹೇಳಿಟ್ಟರೆ ಮುಗಿಯಿತು, ಶೆಡ್ಯೂಲರ್ ಎಂಬುದು ಅದನ್ನು ಮರೆಯದೆ ಎಬ್ಬಿಸುತ್ತದೆ.

ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಧನರಾಜ. ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಗೆ ಬಂದವನೇ ನನ್ನೆದುರು ಕೂತ. ಕಣ್ಣು ಕೆಂಪಾಗಿದ್ದವು.

"ಇಲಿಯಾಸ್, ಔರಾದಿನ ಕೆಲಸ ಕೆಟ್ಟದ. ಕೈಲೆ ಓಡಿಸಿದ್ರ ಛಲೋ ಬರ್ತದ. ರಾತ್ರಿ ತಾನೇ ಓಡಿದ್ರ ಮಾತ್ರ ಕನ್ನಡ ಕೆಡ್ತದ. ಠಾಣಾ ಕುಶನೂರ ಊರಿನ ಕುರುಬರು ಬೈಲಾಕತ್ಯಾರ. ಫೋನ್ ಎತ್ತಿದ್ರ ಮಾತೇ ಇಲ್ಲಂತ, ಬರೀ ನರಳಿಕಿ ಕೇಳ್ತದಂತ."

"ಭಾಷಾ ಸೆಟ್ಟಿಂಗ್ ತಪ್ಪಿರ್ಬೇಕು," ಅಂದೆ.

"ಅಷ್ಟೇ. ಆದ್ರ ಅದು ಓಡೋ ಹೊತ್ತಿಗಿ ಅಲ್ಲೇ ಕುಂತು ನೋಡಬೇಕು. ಇಲ್ಲಿಂದ ನೋಡಬೇಕಂದ್ರ ನೆಟ್ ಲೈನ್ ನಿಲ್ಲಂಗಿಲ್ಲ. ಇವತ್ತು ನಮ್ಮ ಬಸುರಿ ತಂಗಿ ಕುಬಸ ಅದ, ನಾ ಭಾಲ್ಕಿಗಿ ಹೋಗಬೇಕು. ನೀ ಹೋಗಿ ಬಾ." ಎದ್ದು ಬಾಗಿಲ ತನಕ ಹೋದವನು ತಿರುಗಿ ಬಂದು ನನ್ನ ಕೈ ಹಿಡಿದ. "ಇನ್ನೊಂದು. ಆ ಕೆಲಸ ನನ್ನ ಹೆಸರಿಲೆ ಓಡ್ತದ. ಅದನ್ನ ತೆಗದು ನಿನ್ನ ಹೆಸರು ಹಾಕು. ಮರೀಬ್ಯಾಡ."

ಇದರಲ್ಲಿ ಸಂಶಯಪಡುವಂಥದ್ದೇನೂ ಇರಲಿಲ್ಲ. ಕಂಪ್ಯೂಟರಿಗೆ ಅಕ್ಷರ ಎಂದರೆ ಬರೀ ಅಂಕಿಗಳು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಒಪ್ಪಂದವನ್ನು ಎನ್‌ಕೋಡಿಂಗ್ ಎನ್ನುತ್ತಾರೆ. ಆ ಒಪ್ಪಂದ ತಪ್ಪಿದರೆ ಕನ್ನಡವೆಲ್ಲ ಚೌಕ, ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ. ರಾತ್ರಿ ತಾನಾಗಿ ಓಡುವ ಕೆಲಸ ಯಾರ ಹೆಸರಿನಲ್ಲಿದೆಯೋ ಅವರ ಭಾಷೆಯ ಸೆಟ್ಟಿಂಗನ್ನೇ ಹಿಡಿಯುತ್ತದೆ. ಅವನ ಹೆಸರಿನಲ್ಲಿ ಏನೋ ತಪ್ಪಿರಬೇಕು, ನನ್ನ ಹೆಸರು ಹಾಕಿದರೆ ಸರಿಹೋದೀತು... ಹಾಗೆಂದುಕೊಂಡೇ ಸಂಜೆ ಬಸ್ಸಿನಲ್ಲಿ ಔರಾದಿಗೆ ಹೋದೆ.

ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕಾವಲುಗಾರ ಮಲ್ಲಪ್ಪ ಕಾಕಾ ಕೂತಿದ್ದರು. ಠಾಣಾ ಕುಶನೂರಿನವರು, ಕುರಿ ಕಾಯ್ದುಕೊಂಡೇ ಮುದುಕರಾದವರು. "ಒಬ್ಬರೇ ಬಂದೀರೇನ್ರಿ?" ಎಂದು ಕೇಳಿದರು. ಹೌದು ಅಂದೆ. ಕೀಲಿ ಕೊಟ್ಟು ಕಂಬಳಿಯೊಳಗೆ ಮುಖ ಎಳೆದುಕೊಂಡರು.

ಕಂಪ್ಯೂಟರ್ ಇದ್ದದ್ದು ಒಳಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಮದ್ದು ಇಡುವ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ನನ್ನ ಬೆನ್ನ ಹಿಂದೆ ಒಂದು ದಪ್ಪ ಮರದ ಬಾಗಿಲು. ಅದರಾಚೆ ತೊಗರಿ ಹೊಲ. ಅಗಳಿ ಹಾಕಿತ್ತು. ಸಾಲದೆಂಬಂತೆ ಯಾರೋ ಒಂದು ಕಬ್ಬಿಣದ ಕಪಾಟನ್ನು ಅರ್ಧ ಬಾಗಿಲಿಗೆ ಅಡ್ಡ ಎಳೆದಿಟ್ಟಿದ್ದರು.

ಕೈಯಿಂದ ಓಡಿಸಿ ನೋಡಿದೆ. ಸ್ಪೀಕರಿನಲ್ಲಿ ಯಂತ್ರದ ಹುಡುಗಿ ಮುದ್ದಾಗಿ ಹೇಳಿದಳು: "ನಮಸ್ಕಾರ. ನಾಳೆ ಬೆಳಿಗ್ಗೆ ಕುರಿಗಳ ಚುಚ್ಚುಮದ್ದಿನ ಗಾಡಿ ನಿಮ್ಮ ಊರಿಗೆ ಬರುತ್ತದೆ." ತಪ್ಪಿಲ್ಲ, ತೊದಲಿಲ್ಲ. ರೊಟ್ಟಿ ಬಿಚ್ಚಿ ಉಂಡು, ರಾತ್ರಿಯ ಹೊತ್ತಿಗಾಗಿ ಕಾಯುತ್ತ ಕೂತೆ.

ರಾತ್ರಿ ಕೆಲಸ ಮೂರು ಕಂತಿನಲ್ಲಿ ಓಡುತ್ತದೆ. ಮೊದಲು ಔರಾದಿನ ಊರುಗಳು, ಆಮೇಲೆ ಭಾಲ್ಕಿಯವು, ಕೊನೆಗೆ ಬೀದರಿನವು.

ಮೊದಲ ಕಂತು ಶುರುವಾಯಿತು. ಪರದೆಯ ತುಂಬ ಚೌಕಗಳು, ಪ್ರಶ್ನೆ ಚಿಹ್ನೆಗಳು. ಅಂದುಕೊಂಡ ಹಾಗೆಯೇ. ಸ್ಪೀಕರಿನಿಂದ ದನಿ ಬಂತು... ಹುಡುಗಿಯ ದನಿಯಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಉಸಿರೆಳೆಯುವ ಹಾಗೆ, ಮಾತಾಡಲು ಹೆಣಗುವ ಹಾಗೆ... ಉಸಿರೆಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ತಪ್ಪು ಅಂಕಿಗಳನ್ನು ಯಂತ್ರ ಓದಿದರೆ ಹೀಗೆಲ್ಲ ಆಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ಹೊತ್ತಿಗೇ ಕೋಣೆಯಲ್ಲಿ ಒಂದು ವಾಸನೆ ಏರಿತು. ನೆನೆದ ಉಣ್ಣೆಯ ವಾಸನೆ... ಮಳೆಯಲ್ಲಿ ತೊಯ್ದ ಕುರಿಯ ಮೈಯಿಂದ ಬರುತ್ತದಲ್ಲ, ಅದು. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು.

ತಪ್ಪು ಸಿಕ್ಕಿತು. ಧನರಾಜನ ಹೆಸರಿನಡಿ ಭಾಷೆ ಇಂಗ್ಲಿಷ್ ಎಂದಿತ್ತು, ಎನ್‌ಕೋಡಿಂಗ್ ಯಾವುದೋ ಓಬೀರಾಯನ ಕಾಲದ್ದು. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೆ. ಎನ್‌ಕೋಡಿಂಗನ್ನು ಎಲ್ಲ ಲಿಪಿಗೂ ಒಗ್ಗುವ ಯುಟಿಎಫ್-8 ಮಾಡಿದೆ. ಹೆಸರು ಬದಲಿಸುವ ಅಗತ್ಯವೇ ಕಾಣಲಿಲ್ಲ. ಹಾಗೇ ಬಿಟ್ಟೆ.

ಭಾಲ್ಕಿಯ ಕಂತು ಓಡಿತು. ಪರದೆಯ ಮೇಲೆ ದುಂಡುದುಂಡಾದ ಕನ್ನಡ. ಹುಡುಗಿ ತನ್ನ ಮಾತು ಹೇಳಿ ಮುಗಿಸಿದಳು. ನಾನು ಖುಷಿಯಿಂದ ಎದ್ದು ಮೈ ಮುರಿದೆ.

ಸ್ಪೀಕರ್ ಸುಮ್ಮನಾಗಲಿಲ್ಲ.

ಅದೇ ಉಸಿರು. ಅದೇ ಎಳೆತ, ಅದೇ ನಿಲುಗಡೆ. ಆದರೆ ಈಗ ಅದು ಕನ್ನಡವಾಗಿತ್ತು. ಮುದಿ ಗಂಡಸಿನ ದನಿ.

"ಧನರಾಜ... ಬಾಗಲಾ ತೆಗಿಯೋ..."

ಪರದೆ ನೋಡಿದೆ. ಗಾಡಿ ಬರುವ ಸುದ್ದಿ ಬಿಟ್ಟರೆ ಅಲ್ಲಿ ಮತ್ತೊಂದು ಅಕ್ಷರವಿಲ್ಲ. ಆಮೇಲೆ ನಗು ಬಂತು. ಧನರಾಜ! ಚಾಷ್ಟಿ, ತಮಾಷೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಎಲ್ಲೋ ದನಿ ತುಂಬಿಸಿಟ್ಟಿದ್ದಾನೆ ಎಂದುಕೊಂಡೆ. ಹೆಸರು ಬದಲಿಸು ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ ಇರಬೇಕು. ಆಗಲಿ, ಅವನ ಆಟ ನೋಡೇಬಿಡೋಣ ಎಂದು ಅವನ ಹೆಸರು ತೆಗೆದು ನನ್ನ ಹೆಸರು ಹಾಕಿದೆ.

ಬೀದರಿನ ಕಂತು ಶುರುವಾಗುವ ಮುನ್ನ ಫ್ರಿಜ್ಜಿನ ಗುಂಯ್ ನಿಂತಿತು. ದೀಪ ಉರಿಯುತ್ತಲೇ ಇತ್ತು. ಉಣ್ಣೆಯ ವಾಸನೆ ಮೂಗು ಕಟ್ಟುವಷ್ಟು ದಟ್ಟವಾಯಿತು. ಹುಡುಗಿ ಮಾತು ಮುಗಿಸಿದಳು. ನಾನು ನಗುತ್ತಲೇ ಕಾದೆ.

"ಇಲ್ಲೂ..."

ನಗು ಬಾಯಲ್ಲೇ ಸತ್ತಿತು.

ಕಂಪ್ಯೂಟರಿನಲ್ಲಿ ನನ್ನ ಹೆಸರು ಇಲಿಯಾಸ್. ಮತದಾರರ ಚೀಟಿಯಲ್ಲೂ ಇಲಿಯಾಸ್. ಇಲ್ಲೂ ಎಂದು ಕರೆಯುವುದು ಅಮ್ಮಿ ಒಬ್ಬಳೇ, ಅದೂ ಮನೆಯೊಳಗೆ, ಊಟಕ್ಕೆ ಕರೆಯುವಾಗ. ನನ್ನ ಹೆಂಡತಿಯೂ ಹಾಗೆ ಕರೆದವಳಲ್ಲ.

"ಇಲ್ಲೂ... ಬಾಗಲಾ ತೆಗಿಯೋ..."

ಎರಡನೆಯ ಸಲದ ಮಾತು ಸ್ಪೀಕರಿನಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನಿಂದ ಬಂತು. ಮರದ ಬಾಗಿಲ ಆಚೆಯಿಂದ. ಜೊತೆಗೇ ಅಂಗೈಯನ್ನು ಹಲಗೆಯ ಮೇಲೆ ಮೆಲ್ಲಗೆ ಸವರುವ ಸದ್ದು... ಮೇಲಿನಿಂದ ಕೆಳಗೆ... ಅಗಳಿ ಇದ್ದ ಜಾಗ ಹುಡುಕುವ ಹಾಗೆ...

ಹೇಗೆ ಹೊರಗೆ ಬಂದೆನೋ ತಿಳಿಯದು. ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಧನರಾಜನಿಗೆ ಫೋನ್ ಹಚ್ಚಿದೆ. ಅಂಥ ಅಪರಾತ್ರಿಯಲ್ಲಿ ಮೊದಲ ರಿಂಗಿಗೇ ಎತ್ತಿದ. 'ಯಾಕೆ' ಅನ್ನಲಿಲ್ಲ, 'ಏನಾಯಿತು' ಅನ್ನಲಿಲ್ಲ.

"ಹೆಸರು ಬದಲಿ ಮಾಡಿದ್ಯಾ?"

ನಾನು ಒಳಕೋಣೆಯ ಕಡೆ ತಿರುಗಿ ನೋಡಿದೆ.

"ಹೇಳೋ ಇಲಿಯಾಸ್. ನಿನ್ನ ಹೆಸರು ಹಾಕಿದ್ಯಾ ಇಲ್ಲೋ?"

"ಹಾಕೀನಿ," ಅಂದೆ.

ಆ ಕಡೆ ಒಂದು ದೊಡ್ಡ ಉಸಿರು. ಹೊರೆ ಇಳಿಸಿದವರು ಬಿಡುವಂಥದ್ದು. ಆಮೇಲೆ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಕಟ್ಟೆಯ ಮೇಲಿನ ಕಂಬಳಿ ಅಲುಗಿತು. ಮಲ್ಲಪ್ಪ ಕಾಕಾ ಎದ್ದೇ ಇದ್ದರು. ಪಿಸುದನಿಯಲ್ಲಿ ಕೇಳಿದರು, "ನಿಮ್ಮನ್ನೂ ಕರೀತೇನ್ರಿ?"

"ಕಾಕಾ... ಅಂವಗ ಗೊತ್ತಿತ್ತೇನ್ರಿ?"

"ಧನರಾಜ ಸಾಹೇಬ್ರಿಗೇನ್ರಿ? ಈ ಅಂಗಳದಾಗೇ ನಿಂತು ಅಳ್ತಿದ್ರು ನೋಡ್ರಿ. ಆ ಕಪಾಟ ಅವರೇ ಎಳದಿಟ್ಟಾರ."

"ಯಾರದು ಅದು?"

"ನಂಗೇನ ಗೊತ್ತದರಿ. ನನ್ನ ಹೆಸರು ಆ ಮಷೀನಿನಾಗ ಇಲ್ಲ," ಎಂದು ಕಾಕಾ ಪಕ್ಕಕ್ಕೆ ಸರಿದು ನನಗೂ ಅರ್ಧ ಕಂಬಳಿ ಕೊಟ್ಟರು. ಬೆಳಗಾಗುವ ತನಕ ಇಬ್ಬರೂ ಹಾಗೇ ಕೂತೆವು.

ಮೊದಲ ಬಸ್ಸಿಗೆ ಬೀದರಿಗೆ ಬಂದೆ. ಮನೆಗೆ ಹೋಗದೆ ನೇರ ಭಾಲ್ಕಿಯ ಬಸ್ ಹತ್ತಿದೆ. ಧನರಾಜನ ಮನೆಯ ಮುಂದೆ ಚಪ್ಪರವಿರಲಿಲ್ಲ, ನೆಂಟರಿರಲಿಲ್ಲ, ಕುಬಸದ ಸುಳಿವೇ ಇರಲಿಲ್ಲ. ಅವನು ಹಾಲು ಕುಡಿದ ಮಗುವಿನಂತೆ ಮಲಗಿ ಆಗತಾನೆ ಎದ್ದಿದ್ದ. ಕಣ್ಣಿನ ಕೆಂಪು ಹೋಗಿತ್ತು. ಅವನ ಹೆಂಡತಿ ನಗುತ್ತ, "ಭಾಳ ದಿನದ ಮ್ಯಾಲ ಇವ್ರಿಗಿ ನಿದ್ದಿ ಬಂದದ ನೋಡ್ರಿ ಅಣ್ಣಾ," ಎಂದು ಚಹಾ ತಂದಿಟ್ಟರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

ಅವರು ಒಳಗೆ ಹೋದ ಮೇಲೆ ಕೇಳಿದೆ. "ಎಷ್ಟು ದಿನದಿಂದ?"

ಅವನು ನೆಲ ನೋಡುತ್ತ ಹೇಳಿದ. "ದೀಪಾವಳಿಯಿಂದ. ಮೊದಲು ಅಲ್ಲಷ್ಟೇ ಕರೀತಿತ್ತು. ಮಾತು ತಿಳೀಬಾರದಂತ ನಾನೇ ಭಾಷಾ ಕೆಡಿಸಿ ಇಟ್ಟೆ. ಬರೀ ನರಳಿಕಿ ಆದ್ರ ಹ್ಯಾಂಗರೆ ತಡಕೋಬಹುದು ಅಂತ. ಆದ್ರ ಅದು ಇಲ್ಲಿಗೂ ಬಂತೋ. ಈ ಬಾಗಿಲಿಗಿ. ಹೋದ ವಾರ ನನ್ನ ಮಗಳು ನಿದ್ದಿಗಣ್ಣಾಗ ಎದ್ದು ಅಗಳಿ ತೆಗಿಲಾಕ ಹೋಗಿದ್ಳು..."

"ಅದಕ್ಕ ನನ್ನ ಹೆಸರು ಕೊಟ್ಟಿ."

ಅವನು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದ.

"ಇಲ್ಲೂ ಅಂತ ಕರೀತು, ಧನ್ಯಾ. ಆ ಹೆಸರು ನಮ್ಮ ಮನಿಯವ್ರ ಬಿಟ್ರ ನಿನಗಷ್ಟೇ ಗೊತ್ತದ. ನಮ್ಮ ಮನ್ಯಾಗ ಉಂಡಾಂವ ನೀ. ಅದಕ್ಕ ಯಾರು ಹೇಳಿದ್ರು?"

ಅವನು ಸಮಾಧಾನ ಹೇಳುವವನಂತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಅಂದ: "ನಿನಗ ಮಕ್ಕಳಿಲ್ಲಲ್ಲೋ ಇಲಿಯಾಸ್."

ಚಹಾ ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ನಾನು ಅಳುತ್ತಿದ್ದೇನೆಂದು ಪಕ್ಕದವರು ನೀರಿನ ಬಾಟಲಿ ಕೊಟ್ಟ ಮೇಲೆಯೇ ನನಗೆ ಗೊತ್ತಾದದ್ದು.

ಅಂಗಡಿಯಲ್ಲಿ ಅವನ ಪಾಲು ಈಗ ಮುಗಿದಿದೆ. ಅವನು ಭಾಲ್ಕಿಯಲ್ಲೇ ಬೇರೆ ಅಂಗಡಿ ಇಟ್ಟಿದ್ದಾನೆ. ಔರಾದಿನವರಿಗೆ ನನ್ನ ಮೇಲೆ ಬಹಳ ಖುಷಿ. ಠಾಣಾ ಕುಶನೂರಿನ ಕುರುಬರಿಗೆ ಈಗ ಸ್ಪಷ್ಟ ಕನ್ನಡದಲ್ಲಿ ಫೋನ್ ಹೋಗುತ್ತದಂತೆ, ನರಳಿಕೆ ಯಾರಿಗೂ ಕೇಳುವುದಿಲ್ಲವಂತೆ.

ಆ ಕೆಲಸವನ್ನು ನಾನು ಹಗಲಲ್ಲೇ ಹೋಗಿ ಅಳಿಸಿ ಬಂದೆ. ಮರುದಿನ ನೋಡಿದರೆ ಅದು ಮತ್ತೆ ಅಲ್ಲೇ ಇತ್ತು, ನನ್ನ ಹೆಸರಿನಲ್ಲೇ. ಪಾಸ್‌ವರ್ಡ್ ಬದಲಿಸಿದೆ, ಮತ್ತೆ ಅಳಿಸಿದೆ. ಮತ್ತೆ ಬಂತು. ಇದು ಧನರಾಜನ ಕೈವಾಡವೋ ಬೇರೆ ಯಾರದೋ ಇಂದಿಗೂ ನನಗೆ ಗೊತ್ತಿಲ್ಲ. ಚಿದ್ರಿಯ ನಮ್ಮ ಮನೆಯ ಬಾಗಿಲಿಗೆ ನಾನೀಗ ಎರಡು ಬೀಗ ಹಾಕುತ್ತೇನೆ. ಹೆಂಡತಿ ಕಾರಣ ಕೇಳಿದರೆ ಕಳ್ಳರ ಕಾಟ ಎನ್ನುತ್ತೇನೆ. ರಾತ್ರಿ ಉಣ್ಣೆಯ ವಾಸನೆ ಬಂದಾಗ ಎದ್ದು ಅವಳ ಪಕ್ಕದಲ್ಲಿ ಬಾಗಿಲಿಗೆ ಮುಖ ಮಾಡಿ ಕೂಡುತ್ತೇನೆ.

ಇದರಿಂದ ಪಾರಾಗುವ ದಾರಿ ನನಗೆ ಗೊತ್ತಿದೆ. ಹೆಸರಿನ ಜಾಗದಲ್ಲಿ ಬೇರೆ ಹೆಸರು ಬರೆದರೆ ಸಾಕು. ನಿನ್ನೆ ಅಂಗಡಿಯ ಬಾಗಿಲು ಮುಚ್ಚಿ, ಹೇಗೋ ನೆಟ್ ಲೈನ್ ಹಿಡಿದು ಔರಾದಿನ ಕಂಪ್ಯೂಟರಿನಲ್ಲಿ ಹೆಸರಿನ ಆ ಜಾಗ ತೆರೆದೆ. ನನ್ನ ಹೆಸರು ಅಳಿಸಿ 'ಧ' ಎಂದು ಬರೆದೆ. ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ. ನಿದ್ದೆಗಣ್ಣಿನಲ್ಲಿ ಅಗಳಿಗೆ ಕೈ ಚಾಚಿದ ಧನರಾಜನ ಮಗಳು ಕಣ್ಣೆದುರು ಬಂದಳು. ಆ ಅಕ್ಷರ ತೆಗೆದು ಮತ್ತೆ ನನ್ನ ಹೆಸರನ್ನೇ ಬರೆದೆ.

ಇವತ್ತೂ ಕತ್ತಲಾಗುತ್ತ ಬಂದಿದೆ...