ಅಮ್ಮನೇ ರೈಲು ಹತ್ತಿಸಿದಳು

ಮಿಲಿಟರಿ ಶಾಲೆಗೆ ಸೇರುತ್ತೇನೆಂದು ಅಣ್ಣ ಹೇಳಿದ ದಿನ ಅಮ್ಮ ಮೊದಲು ಕೇಳಿದ್ದು ಯುದ್ಧದ ವಿಷಯವನ್ನಲ್ಲ. "ಅಲ್ಲಿ ಕೊರಳಲ್ಲಿ ಲಿಂಗ ಇಟ್ಕೊಳ್ಳೋಕೆ ಬಿಡ್ತಾರಾ?" ಎಂದು ಕೇಳಿದಳು.

ಆಗಿನ್ನೂ ಸ್ವಾತಂತ್ರ್ಯ ಬಂದ ಹೊಸತು. ನಮ್ಮ ಮನೆ ಇದ್ದದ್ದು ಚಾಮರಾಜಪೇಟೆಯಲ್ಲಿ, ಅಪ್ಪನ ಬೇಳೆಕಾಳಿನ ಮಂಡಿ ತರಗುಪೇಟೆಯಲ್ಲಿ. ಅಣ್ಣ ಇಂಟರ್‌ಮೀಡಿಯೆಟ್ ಓದುತ್ತಿದ್ದ. ಅವನಿಗಿಂತ ಸ್ವಲ್ಪ ಚಿಕ್ಕವಳಾದ ನನ್ನನ್ನು ಸ್ಕೂಲು ಬಿಡಿಸಿ, ಗಂಡು ನೋಡಲು ಶುರುಮಾಡಿದ್ದರು. ಬಂದವರೆಲ್ಲ ಕಾಫಿ ಕುಡಿದು, ಆಮೇಲೆ ತಿಳಿಸುತ್ತೇವೆಂದು ಹೇಳಿ ಹೋಗುತ್ತಿದ್ದರು.

ಅಣ್ಣನ ಮಾತಿಗೆ ಅಪ್ಪ ಬೇಡ ಅನ್ನಲಿಲ್ಲ. ಯುದ್ಧದ ಕಾಲದಲ್ಲಿ ರೇಷನ್ ಆಫೀಸಿನವರು ಲೆಕ್ಕ ಕೇಳುವ ನೆಪದಲ್ಲಿ ಅವರನ್ನು ಆಗಾಗ ಕರೆಸಿ, ಗಂಟೆಗಟ್ಟಲೆ ನಿಲ್ಲಿಸಿ ಕಳಿಸುತ್ತಿದ್ದರು. ತಮ್ಮ ಅರ್ಧ ವಯಸ್ಸಿನ ಗುಮಾಸ್ತರ ಮುಂದೆ ಕೈಕಟ್ಟಿ ನಿಂತದ್ದನ್ನು ಅವರು ಮರೆತಿರಲಿಲ್ಲ.

"ಆಫೀಸರ್ ಆಗ್ಲಿ ಬಿಡು. ಆಮೇಲೆ ನೋಡೋಣ, ಯಾರು ನನ್ನ ನಿಲ್ಸಿ ಮಾತಾಡಿಸ್ತಾರೆ ಅಂತ," ಎಂದರು.

"ನಿಮ್ಗೆ ಕುರ್ಚಿ ಸಿಗಲಿ ಅಂತ ನನ್ನ ಮಗನ್ನ ಕೊಡ್ಬೇಕಾ?" ಎಂದಳು ಅಮ್ಮ. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಶಂಕರಪುರದಲ್ಲಿದ್ದ ದೂರದ ನೆಂಟರೊಬ್ಬರು ಅವಳ ತಲೆಯಲ್ಲಿ ಏನೇನೋ ತುಂಬಿದ್ದರು. ಅಲ್ಲಿ ಮಾಂಸ ತಿನ್ನದಿದ್ದರೆ ಉಪವಾಸವೇ ಗತಿಯಂತೆ, ಹೆಂಡ ಕುಡಿಸುತ್ತಾರಂತೆ, ಡಾಕ್ಟರ ಪರೀಕ್ಷೆಯಲ್ಲಿ ಮೈಮೇಲೆ ನೂಲೆಳೆಯೂ ಇರಬಾರದಂತೆ. ಪರೀಕ್ಷೆಗೆ ಅಣ್ಣ ದಂಡಿನ ಮಿಲಿಟರಿ ಆಸ್ಪತ್ರೆಗೆ ಹೋಗಿ ಬಂದ ದಿನ ಅಮ್ಮ ಬಾಗಿಲಲ್ಲೇ ಅವನ ಅಂಗಿಯ ಗುಂಡಿ ಬಿಚ್ಚಿ, ಲಿಂಗದ ಕರಡಿಗೆ ಎದೆಯ ಮೇಲಿದೆಯೇ ಎಂದು ಮುಟ್ಟಿ ನೋಡಿದಳು.

"ತೆಗೆಸಿದ್ರಾ?"

"ತೆಗೆದು ಕೈಯಲ್ಲಿ ಹಿಡ್ಕೊಂಡಿದ್ದೆ ಕಣಮ್ಮ. ಏನೂ ಅನ್ಲಿಲ್ಲ." ಅಣ್ಣ ನಗುತ್ತಿದ್ದ. ಅಮ್ಮ ಅವನಿಗೆ ಮತ್ತೆ ಸ್ನಾನ ಮಾಡಿಸಿ, ಪೂಜೆಗೆ ಕೂರಿಸಿ, ಆಮೇಲೆ ಊಟಕ್ಕಿಟ್ಟಳು.

ಅವನು ಆಯ್ಕೆಯಾದ. ಉತ್ತರದಲ್ಲೆಲ್ಲೋ ಬೆಟ್ಟದ ತಪ್ಪಲಿನ ಶಾಲೆ. ಮಂಡಿ ಬೀದಿಯ ವರ್ತಕರೆಲ್ಲ ಸೇರಿ ಹಾರ ಹಾಕಿದರು, ಅಪ್ಪ ಹೊಸ ಕೋಟು ಹೊಲಿಸಿಕೊಂಡರು. ಅಮ್ಮ ಚಟ್ನಿಪುಡಿ, ಹುರಿಗಾಳು, ವಿಭೂತಿ ಗಟ್ಟಿ ಎಲ್ಲವನ್ನೂ ಕಟ್ಟಿಕೊಟ್ಟಳು. ಸ್ಟೇಷನ್ನಿಗೆ ಮಾತ್ರ ಬರಲಿಲ್ಲ. ಕಳಿಸುವವಳು ತಾನಲ್ಲ, ಕಳಿಸುವವರೇ ಹೋಗಲಿ ಎಂದಳು.

ಅಲ್ಲಿಂದ ಅವನು ಬರೆಯುತ್ತಿದ್ದ ಕಾಗದಗಳಲ್ಲಿ ಚಳಿ ಜಾಸ್ತಿ, ಊಟ ಪರವಾಗಿಲ್ಲ ಎಂಬುದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅಮ್ಮ ನನ್ನಿಂದ ಓದಿಸಿಕೊಂಡು, "ಏನೋ ಮುಚ್ಚಿಡ್ತಿದಾನೆ ಕಣೆ," ಎನ್ನುತ್ತಿದ್ದಳು. ಬಡಿಸಿಕೊಂಡ ತಟ್ಟೆಯ ಮುಂದೆ ಕೂತು, "ಅಲ್ಲಿ ಏನು ತಿಂದನೋ," ಎಂದು ಕೈ ತೊಳೆದುಬಿಡುತ್ತಿದ್ದಳು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಸರವೂ ಆಗುತ್ತಿತ್ತು.

ಅಷ್ಟರಲ್ಲಿ ನನಗೊಂದು ಸಂಬಂಧ ಬಂತು. ಕುಮಾರ ಪಾರ್ಕಿನಲ್ಲಿ ಹೊಸ ಮನೆ ಕಟ್ಟಿಸಿದ್ದ ಸರ್ಕಾರಿ ಎಂಜಿನಿಯರೊಬ್ಬರ ಮಗ. ಮಂಡಿಯವರ ಮಗಳು ಎಂದು ಹಿಂದೊಮ್ಮೆ ಜಾತಕ ವಾಪಸು ಕಳಿಸಿದ್ದವರೇ ಈಗ ಹುಡುಗಿಯ ಅಣ್ಣ ಆಫೀಸರಾಗುತ್ತಾನೆಂದು ಕೇಳಿ ತಾವಾಗಿ ಬಂದಿದ್ದರು. ಮಾತು ಮುಗಿಯಿತು. ಮದುವೆ ಮಾತ್ರ ಅಣ್ಣನ ತರಬೇತಿ ಮುಗಿದ ಮೇಲೆ. ಅವನು ಯೂನಿಫಾರ್ಮಿನಲ್ಲಿ ಚಪ್ಪರದಲ್ಲಿ ನಿಲ್ಲಬೇಕು ಎಂಬುದು ಗಂಡಿನ ತಾಯಿಯ ಆಸೆ.

ಮೊದಲ ರಜೆಗೆ ಅಣ್ಣ ಬಂದಾಗ ಕೆನ್ನೆಯ ಮೂಳೆ ಎದ್ದುಕಾಣುತ್ತಿತ್ತು. ಯಾರಾದರೂ ಜೋರಾಗಿ ಕರೆದರೆ ದಡಕ್ಕನೆ ಎದ್ದು ನಿಲ್ಲುತ್ತಿದ್ದ. ಮರುದಿನ ಅಮ್ಮ ಎಣ್ಣೆ ಹಚ್ಚಲು ಬಚ್ಚಲಿನಲ್ಲಿ ಕೂರಿಸಿದಳು. ನಾನು ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದೆ. ಬೆನ್ನಿನ ಮೇಲೆ, ಮೊಣಕೈಗಳಲ್ಲಿ ತರಚಿ ಕಪ್ಪಾದ ಗಾಯಗಳಿದ್ದವು. ಅಮ್ಮನ ಕೈ ತಗುಲಿದಲ್ಲೆಲ್ಲ ಅವನು ಮುದುಡಿಕೊಳ್ಳುತ್ತಿದ್ದ.

"ಏನೋ ಇದು?"

ಅವನು ಎಲ್ಲವನ್ನೂ ಹೇಳಿಬಿಟ್ಟ. ಹಿರಿಯ ಹುಡುಗರು ತಪ್ಪಿಲ್ಲದೆ ತಪ್ಪು ಹುಡುಕಿ ಜಲ್ಲಿಯ ಮೇಲೆ ಉರುಳಾಡಿಸುತ್ತಿದ್ದರು. ತಟ್ಟೆಯಲ್ಲಿ ಮಾಂಸ ಹಾಕಿ ತಿನ್ನುವವರೆಗೂ ಸುತ್ತ ನಿಲ್ಲುತ್ತಿದ್ದರು. ಒಂದು ದಿನ ಅವನ ಕೊರಳಿನ ಕರಡಿಗೆಯನ್ನು ಕಿತ್ತು, ಒಬ್ಬರಿಂದೊಬ್ಬರಿಗೆ ಚೆಂಡಿನ ಹಾಗೆ ಎಸೆದಾಡಿದ್ದರು. ಇವನು ಅತ್ತಿಂದಿತ್ತ ಓಡಿ ಕೈಯೊಡ್ಡುತ್ತಿದ್ದರೆ ನಗುತ್ತಿದ್ದರು.

"ನಾನು ವಾಪಸ್ ಹೋಗಲ್ಲಮ್ಮ. ನೀನು ಅಪ್ಪಾಜಿಗೆ ಹೇಳು. ಮಂಡೀಲಿ ಮೂಟೆ ಹೊರು ಅಂದ್ರೂ ಹೊರ್ತೀನಿ."

ಅಮ್ಮ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. "ಹೇಳ್ತೀನಿ ಕಂದ. ನಾನಿದೀನಿ. ಯಾರು ಕಳಿಸ್ತಾರೋ ನೋಡ್ತೀನಿ," ಎಂದಳು. ಅಣ್ಣ ಅವತ್ತು ಮಧ್ಯಾಹ್ನ ಹೊಟ್ಟೆತುಂಬ ಉಂಡು ಮಲಗಿದ.

ಸಂಜೆ ಗಂಡಿನ ತಾಯಿ ಹೇಳದೆ ಕೇಳದೆ ಬಂದರು. ಮಲ್ಲಿಗೆ ದಂಡೆ ತಂದು ನನಗೆ ಮುಡಿಸಿದರು. ಆದರೆ ಅವರ ಕಣ್ಣು ಹುಡುಕುತ್ತಿದ್ದದ್ದು ಅಣ್ಣನನ್ನು.

"ಎಲ್ಲಿ ನಮ್ಮ ಕ್ಯಾಪ್ಟನ್ ಸಾಹೇಬ್ರು?" ಎಂದರು. ಅವನು ಇನ್ನೂ ಏನೂ ಆಗಿರಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮನಿಗೆ ಹೇಳಿದರು: "ನಮ್ಮನೆಯವರು ಕ್ಲಬ್ಬಲ್ಲೆಲ್ಲಾ ಹೇಳ್ಕೊಂಡ್ ಬಂದಿದಾರೆ. ಇಲ್ದಿದ್ರೆ ನಮ್ಮ ಕಡೆಯವರು ಈ ಸಂಬಂಧಕ್ಕೆ ಒಪ್ತಾನೇ ಇರ್ಲಿಲ್ಲ ನೋಡಿ. ನಿಮ್ಗೆ ಬೇಜಾರಾಗ್ಬಾರ್ದು, ಇದ್ದದ್ದು ಹೇಳ್ದೆ."

ಅಮ್ಮ ನಗುತ್ತಲೇ ಅವರಿಗೆ ಕುಂಕುಮ ಕೊಟ್ಟು ಕಳಿಸಿದಳು. ಆಮೇಲೆ ನಡುಮನೆಯ ಕಂಬಕ್ಕೊರಗಿ ಕೂತವಳು ದೀಪ ಹಚ್ಚಲೂ ಏಳಲಿಲ್ಲ. ಅಪ್ಪ ಮಂಡಿಯಿಂದ ಬಂದರು, ಉಂಡರು. ಅವಳು ಬಾಯಿ ಬಿಡಲಿಲ್ಲ. ಮರುದಿನವೂ ಹೇಳಲಿಲ್ಲ. ಅಣ್ಣ ಅಡುಗೆಮನೆಗೆ ಬಂದು ಅವಳ ಪಕ್ಕ ಕೂತು ಕೇಳಿದಾಗ ಮಾತ್ರ, ತರಕಾರಿ ಹೆಚ್ಚುತ್ತಲೇ ಹೇಳಿದಳು.

"ತಂಗಿ ಮದ್ವೆ ಆಗೋವರ್ಗೂ ತಡ್ಕೋಪ್ಪ."

"ಮದ್ವೆ ನನ್ನ ಟ್ರೈನಿಂಗ್ ಮುಗಿದ್ಮೇಲೆ ತಾನೆ ಮಾಡೋದು ಅಂತಿದಾರೆ? ಅಲ್ಲೀವರ್ಗೂ ನಾನು ಉಳೀತೀನಾ?"

"ಹಾಗೆಲ್ಲಾ ಅನ್ಬೇಡ. ಬೇರೆ ಮಕ್ಕಳೂ ಇಲ್ವಾ ಅಲ್ಲಿ? ಅವರೂ ತಾಯಿ ಹೊಟ್ಟೇಲೇ ಹುಟ್ಟಿರೋರು."

"ನೀನೇ ಬೇಡ ಅಂದಿದ್ಯಲ್ಲಮ್ಮ."

"ಆಗ ಅಂದೆ. ಆಗ ಇವಳಿಗೆ ಮನೆ ಗೊತ್ತಾಗಿರ್ಲಿಲ್ಲ." ಅಮ್ಮ ತಲೆ ಎತ್ತಿರಲಿಲ್ಲ. "ಈಗ ನೀನು ಬಿಟ್ಟು ಬಂದ್ರೆ ಇವಳನ್ನ ಯಾರು ಮಾಡ್ಕೋತಾರೆ, ಹೇಳು."

ನಾನು ಅಲ್ಲೇ, ಬೀಸುವ ಕಲ್ಲಿನ ಹತ್ತಿರ ಕೂತಿದ್ದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ, ನಿನಗೇನು ಬೇಕು ಎಂದು ಕೇಳಲಿಲ್ಲ. ಆ ಕಾಲದಲ್ಲಿ ಅದನ್ನು ಹೆಣ್ಣುಮಕ್ಕಳನ್ನು ಕೇಳುವ ಪದ್ಧತಿಯೂ ಇರಲಿಲ್ಲ. ಅಣ್ಣ ಎದ್ದು ಹೋದ.

ಈ ಸಲ ಅಮ್ಮನೇ ಮುಂದಾಗಿ ನಮ್ಮ ಜೊತೆ ಸ್ಟೇಷನ್ನಿಗೆ ಬಂದಳು. ದಾರಿಯಲ್ಲಿ ಅವನೆಲ್ಲಿ ಇಳಿದುಬಿಡುತ್ತಾನೋ ಎಂಬ ಹಾಗೆ ಜಟಕಾದಲ್ಲಿ ಅವನ ಕೈ ಹಿಡಿದು ಕೂತಿದ್ದಳು. ರೈಲು ಹೊರಟಾಗ ಅವನು ಅಪ್ಪನಿಗೆ ಕೈ ಬೀಸಿದ, ನನಗೆ ಬೀಸಿದ. ಮಗ ಧೈರ್ಯವಾಗಿ ಹೋದನೆಂದು ಅಪ್ಪ ದಾರಿಯುದ್ದಕ್ಕೂ ಹೊಗಳಿದರು. ಬಚ್ಚಲಿನ ಮಾತು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಮ್ಮ ಹೆದರಿದ ಹಾಗೆ ಅವನಿಗೇನೂ ಆಗಲಿಲ್ಲ. ತರಬೇತಿ ಮುಗಿಸಿದ, ಹೆಗಲಿಗೆ ನಕ್ಷತ್ರ ಬಂತು. ಸಮಾರಂಭಕ್ಕೆ ಅಪ್ಪನನ್ನು ಮಾತ್ರ ಕರೆಸಿಕೊಂಡ. ಅಮ್ಮನಿಗೆ ದೂರದ ಪ್ರಯಾಣ ಆಗದು ಎಂದು ಬರೆದಿದ್ದ. ಅವಳಿಗೆ ಆಗ ಇನ್ನೂ ಒಂದು ಕೂದಲೂ ನರೆತಿರಲಿಲ್ಲ.

ನನ್ನ ಮದುವೆಗೆ ಬಂದ. ಎತ್ತರವಾಗಿ, ನೆಟ್ಟಗೆ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಚಪ್ಪರದ ಬಾಗಿಲಲ್ಲಿ ನಿಂತ. ಬೀಗರೆಲ್ಲ ಮದುಮಗನಿಗಿಂತ ಹೆಚ್ಚಾಗಿ ಅವನ ಜೊತೆಯಲ್ಲೇ ಫೋಟೋ ತೆಗೆಸಿಕೊಂಡರು. ಊಟದ ಪಂಕ್ತಿಯಲ್ಲಿ ಅಮ್ಮ ಹೋಳಿಗೆಯ ತಟ್ಟೆ ಹಿಡಿದು ಅವನ ಮುಂದೆ ಬಗ್ಗಿದಾಗ ಅವನು ಎಲೆಗೆ ಅಡ್ಡವಾಗಿ ಕೈ ಹಿಡಿದ.

"ಸಾಕು. ನೀವು ಅವರಿಗೆ ಬಡಿಸಿ."

ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು ಎನ್ನುತ್ತಿದ್ದೆವು. ಅಮ್ಮನಿಗೆ ಹುಟ್ಟಿದಾಗಿನಿಂದ ನೀನು. ಪಕ್ಕದಲ್ಲಿದ್ದ ಬೀಗರೊಬ್ಬರು, "ತಾಯಿಗೂ ಬಹುವಚನ! ಮಿಲಿಟರಿ ಶಿಸ್ತು ಅಂದ್ರೆ ಇದು ನೋಡಿ," ಎಂದು ಮೆಚ್ಚಿಕೊಂಡರು. ಅಮ್ಮ ಆ ಹೋಳಿಗೆಯನ್ನು ಅವರ ಎಲೆಗೆ ಹಾಕಿ ಮುಂದಕ್ಕೆ ಹೋದಳು. ಅಣ್ಣ ಆಮೇಲೆ ಒಮ್ಮೆಯೂ ಅವಳನ್ನು ನೀನು ಅನ್ನಲಿಲ್ಲ. ಹಬ್ಬಕ್ಕೆ ಸೀರೆ ಕಳಿಸುತ್ತಿದ್ದ, ಬಂದಾಗ ಕಾಲಿಗೆ ಬೀಳುತ್ತಿದ್ದ, ಆರೋಗ್ಯ ವಿಚಾರಿಸುತ್ತಿದ್ದ. ಅಡುಗೆಮನೆಯ ಹೊಸಿಲು ಮಾತ್ರ ದಾಟುತ್ತಿರಲಿಲ್ಲ.

ಇಷ್ಟಕ್ಕೂ ಇದರಿಂದ ನನಗೇನು ಸಿಕ್ಕಿತು ಎಂದರೆ, ಒಂದೆರಡು ವರ್ಷದ ಮರ್ಯಾದೆ. ಅಣ್ಣನನ್ನು ಗಡಿಯ ಕಡೆ ಎಲ್ಲಿಗೋ ಹಾಕಿದರು. ಕುಮಾರ ಪಾರ್ಕಿನ ಮನೆಗೆ ಅವನು ಬರುವುದು ನಿಂತ ಮೇಲೆ ಅತ್ತೆಯ ಬಾಯಲ್ಲಿ ನಾನು ಮತ್ತೆ ಮಂಡಿಯವರ ಮಗಳಾದೆ. ಗಂಡ ಕೆಟ್ಟವರಲ್ಲ. ಆದರೆ ಅತ್ತೆ ಮಾತಾಡುವಾಗ ಪೇಪರು ಓದುತ್ತಿದ್ದರು.

ಮೊದಲ ಬಾಣಂತನಕ್ಕೆ ನಾನು ತವರಿನಲ್ಲಿದ್ದಾಗ ಅಣ್ಣ ರಜೆಗೆ ಬಂದಿದ್ದ. ಮಗುವನ್ನು ನೋಡಲು ಕೋಣೆಗೆ ಬಂದವನನ್ನು ಕೇಳಿಯೇಬಿಟ್ಟೆ: "ಅಮ್ಮನ ಮೇಲೆ ಇನ್ನೂ ಕೋಪಾನಾ ಅಣ್ಣ?"

"ಕೋಪ ಯಾಕೆ? ಅವರು ಹೇಳಿದ್ದೇ ಸರಿ. ಬಿಟ್ಟು ಬಂದಿದ್ರೆ ಇಲ್ಲಿ ತೊಗರಿ ತೂಗ್ತಾ ಇರ್ತಿದ್ದೆ," ಎಂದು ನಕ್ಕು, ಮಗುವಿನ ಕೈಗೆ ಬೆಳ್ಳಿಯ ಗಿಲಕಿ ಕೊಟ್ಟು ಹೋದ.

ಅಮ್ಮನಿಗೆ ಸಮಾಧಾನವಾಗಲಿ ಎಂದು ಅದನ್ನು ಅವಳಿಗೆ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು.

"ಸರಿ ಅಂದ್ನಾ?"

"ಹೂಂ. ನೀನು ಮಾಡಿದ್ದೇ ಸರಿ ಅಂದ."

"ಬೈಲಿಲ್ವಾ?"

"ಇಲ್ಲಮ್ಮ."

"ಬೈಬೇಕಾಗಿತ್ತು ಅವನು," ಎಂದಳು. ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಹೊರಗೆ ಅಪ್ಪ ಯಾರೋ ವರ್ತಕರಿಗೆ ಮಗನನ್ನು ಪರಿಚಯ ಮಾಡಿಸುತ್ತಿದ್ದರು.